ಯಾವ ಪಟ್ಟಿಗೆ ಬಿದ್ದ, ಅದನ್ನ ಹೇಳ್ರೀ

(ವಿಜಯಪುರದ ಕಾಲೇಜೊಂದರ ಕ್ರೀಡಾಕೂಟದ ಸಮಾರೋಪದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಆಟಗಾರನಲ್ಲ, ಕೋಚ್ ಅಲ್ಲ, ಪತ್ರಕರ್ತನೂ ಅಲ್ಲ. ಗೊಬ್ಬರದ ಅಂಗಡಿ ನಡೆಸುತ್ತೇನೆ. ಅಂಗಡಿಯಲ್ಲಿ ಒಂದು ಟಿವಿ ಇದೆ. ಮ್ಯಾಚ್ ಇದ್ದ ದಿನ ಯೂರಿಯಾ ಒಯ್ಯಲು ಬಂದವರು ಚೀಲದ ಮೇಲೆ ಕೂತು, ಮ್ಯಾಚ್ ಮುಗಿಸಿಯೇ ಏಳುತ್ತಾರೆ. ನಿಮ್ಮ ದೈಹಿಕ ಶಿಕ್ಷಣದ ಸರ್ ಕೂಡ ಅದೇ ಚೀಲದ ಮೇಲೆ ಕೂತವರು. "ಅಂಗಡ್ಯಾಗ ಮಾತಾಡೂದನ್ನ ಇಲ್ಲಿ ಬಂದು ಮಾತಾಡ್ರೀ" ಅಂದರು, ಬಂದಿದ್ದೇನೆ. ಟಿವಿ, ಪತ್ರಿಕೆಗಳು ಆಟವನ್ನು ಹೇಗೆ ತೋರಿಸುತ್ತವೆ, ಆಟಗಾರರ ನಡತೆ ಹೇಗಿರಬೇಕು ಅನ್ನೋದರ ಬಗ್ಗೆ ಇದು ಒಬ್ಬ ಅಭಿಮಾನಿಯ ಅಭಿಪ್ರಾಯ ಅಷ್ಟೇ. ಒಪ್ಪದಿದ್ದರೆ ಕೊನೆಗೆ ಜಗಳ ಆಡೋಣ.

ಕ್ರೀಡಾ ಸುದ್ದಿಯಲ್ಲಿ ನನಗೆ ಅತಿ ಇಷ್ಟವಾದದ್ದು ಯಾವುದು ಗೊತ್ತಾ? ಬೆಳಗಾವಿ ಕಡೆಯ ಕುಸ್ತಿ ವರದಿ. ಆನಂದವಾಡಿ ಅಖಾಡದಲ್ಲೋ, ಸುತ್ತಲಿನ ಯಾವುದೋ ಹಳ್ಳಿ ಜಾತ್ರೆಯಲ್ಲೋ ಕುಸ್ತಿ ಆಯಿತು ಅಂದ್ಕೊಳ್ಳಿ. ಮರುದಿನ ಅಲ್ಲಿನ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ಮೊದಲ ನಂಬರಿನ ಕುಸ್ತಿ ಯಾರ ನಡುವೆ, ಯಾವ ತಾಲೀಮಿನ, ಅಂದರೆ ಗರಡಿಯ ಹುಡುಗರು, ಎಷ್ಟನೇ ನಿಮಿಷಕ್ಕೆ ಮುಗಿಯಿತು, ಯಾವ ಪಟ್ಟಿಗೆ, ಅಂದರೆ ಯಾವ ವರಸೆಗೆ ಚಿತ್ ಆದ. ಘಿಸ್ಸಾ ಹಾಕಿದನೋ, ಏಕಚಾಕೋ, ಢಾಕೋ, ಇವೆಲ್ಲ ಪಟ್ಟುಗಳ ಹೆಸರು. ಐದಾರು ಸಾಲು, ಮುಗೀತು. ಕುಸ್ತಿ ಗೊತ್ತಿದ್ದವನು ಅದನ್ನು ಓದಿದರೆ ಇಡೀ ಸೆಣಸಾಟ ಕಣ್ಣ ಮುಂದೆ ಬರುತ್ತದೆ. ಸೋತವನ ಹೆಂಡತಿ ಅತ್ತಳಾ, ಗೆದ್ದವನು ಯಾವ ವಾಚ್ ಕಟ್ಟಿದ್ದ, ಇಬ್ಬರಿಗೂ ಹಳೇ ವೈರ ಇತ್ತಾ, ಇದ್ಯಾವುದೂ ಅದರಲ್ಲಿ ಇರಲ್ಲ.

ಈಗ ಟಿವಿ ಹಾಕಿ. ಕ್ರಿಕೆಟ್ ಮ್ಯಾಚ್ ಮುಗಿದ ಮೇಲೆ ಯಾವುದಾದರೂ ನ್ಯೂಸ್ ಚಾನೆಲ್ ನೋಡಿ. ಅರ್ಧ ಗಂಟೆ ನೋಡಿದರೂ ಆ ಬ್ಯಾಟರ್ ಯಾಕೆ ಔಟ್ ಆದ ಅಂತ ತಿಳಿಯಲ್ಲ. ಔಟ್ ಆದ ಮೇಲೆ ಹೇಗೆ ಮುಖ ಮಾಡಿದ ಅನ್ನೋದು ಮಾತ್ರ ಹದಿನೈದು ಸಲ ಕಾಣಿಸುತ್ತದೆ. ಕೆಂಪು ಬಣ್ಣದಲ್ಲಿ ಒಂದು ವೃತ್ತ, ಒಂದು ಬಾಣ, ಹಿಂದೆ ಢಂ ಢಂ ಸದ್ದು.

ಇದಕ್ಕೆ ಒಂದು ಕಾರಣ ಇದೆ. ಅದನ್ನು ತಿಳಿಯದೆ ಸುಮ್ನೆ ಬೈದರೆ ನ್ಯಾಯ ಅಲ್ಲ. ಆಟದ ದೃಶ್ಯ ಯಾರದು? ಅದಕ್ಕೆ ದುಡ್ಡು ಕೊಟ್ಟವನದು. ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. ಅಷ್ಟು ಕೊಟ್ಟವನು ಬೇರೆ ಚಾನೆಲ್‌ಗೆ ಮ್ಯಾಚ್ ಸುಮ್ನೆ ತೋರಿಸೋಕೆ ಬಿಡ್ತಾನಾ? ನ್ಯೂಸ್ ಚಾನೆಲ್ ಹತ್ತಿರ ಇರೋದು ಅಷ್ಟಿಷ್ಟು ತುಣುಕು, ಫೋಟೋ, ಮತ್ತೆ ಸ್ಟುಡಿಯೋದಲ್ಲಿ ಕೂತ ನಾಲ್ಕು ಬಾಯಿ. ಆಟ ತೋರಿಸೋಕೆ ಆಗಲ್ಲ, ಹಾಗಾಗಿ ಆಟಗಾರನನ್ನು ತೋರಿಸುತ್ತಾರೆ. ಇನ್ನು ಹಕ್ಕು ಕೊಂಡವನು ಆಟ ತೋರಿಸುತ್ತಾನೆ, ಆದರೆ ತಾನೇ ಕೊಂಡ ಸರಕನ್ನು ತಾನೇ ಕೆಟ್ಟದು ಅಂತ ಹೇಳ್ತಾನಾ? ಅವನ ಕಾಮೆಂಟ್ರಿಯಲ್ಲಿ ಎಲ್ಲ ಮ್ಯಾಚೂ ಭಾರಿ ಮ್ಯಾಚು, ಎಲ್ಲ ಸಿಕ್ಸರೂ ದೊಡ್ಡ ಸಿಕ್ಸರು. ಒಬ್ಬನಿಗೆ ಹೇಳೋಕೆ ಆಟವೇ ಇಲ್ಲ, ಇನ್ನೊಬ್ಬನಿಗೆ ಹೇಳೋ ಧೈರ್ಯ ಇಲ್ಲ. ನಡುವೆ ನಾವು.

ಕಾರಣ ಇದೆ ಅಂದ ಮಾತ್ರಕ್ಕೆ ತಪ್ಪು ಸರಿಯಾಗಲ್ಲ. 2024ರ ಆಗಸ್ಟ್ 7 ನೆನಪಿದೆಯಾ? ಪ್ಯಾರಿಸ್ ಒಲಿಂಪಿಕ್ಸ್, ಕುಸ್ತಿಪಟು ವಿನೇಶ್ ಫೋಗಟ್. 50 ಕೆಜಿ ವಿಭಾಗದ ಫೈನಲ್ ದಿನ ಬೆಳಗ್ಗೆ ತೂಕ 100 ಗ್ರಾಂ ಜಾಸ್ತಿ ಬಂತು, ಅನರ್ಹ ಮಾಡಿದರು. ಅವತ್ತು ನಮ್ಮ ಅಂಗಡಿ ತುಂಬಿತ್ತು. ಚಾನೆಲ್‌ಗಳಲ್ಲಿ ಸುದ್ದಿ ಬಂದಾಗಿನಿಂದ ಒಂದೇ ಕೂಗು: ಷಡ್ಯಂತ್ರ, ಷಡ್ಯಂತ್ರ. ಯಾರ ಷಡ್ಯಂತ್ರ ಅನ್ನೋದು ಮಾತ್ರ ಚಾನೆಲ್ ಬದಲಿಸಿದಂತೆ ಬದಲಾಗುತ್ತಿತ್ತು.

ಅಂಗಡಿಯಲ್ಲಿ ಒಬ್ಬ ಹಳೇ ಪೈಲ್ವಾನರು ಕೂತಿದ್ದರು. ಜಮಖಂಡಿ ಕಡೆಯವರು, ಕುಸ್ತಿ ಆಡಿ ಆಡಿ ಕಿವಿ ಮುದ್ದೆಯಾಗಿದೆ. ಅವರು ಚಹಾ ಬಸಿಯಲ್ಲಿ ಸುರಿದುಕೊಂಡು ನಿಧಾನಕ್ಕೆ ಹೇಳಿದರು. "ಮಗಳು ಮೊದಲ 53ರಾಗ ಆಡಾಕಿ. 50ಕ್ಕ ಇಳದಾಳ. ಮೊದಲ್ನೇ ದಿನ ತೂಕ ಕೊಟ್ಟಾಳ, ಮೂರು ಕುಸ್ತಿ ಆಡ್ಯಾಳ. ನಡುವ ನೀರು, ಕೂಳು ಬ್ಯಾಡೇನು? ಮೈ ಒಣಗಿಸಿ ಇಟ್ಟಿದ್ದು, ಒಂದಿಷ್ಟು ನೀರು ಬಿತ್ತಂದ್ರ ಎಳಕೊಂತೈತಿ. ಎರಡನೇ ದಿನ ಮತ್ತ ತೂಗ್ತಾರ. ಅದ ನಿಯಮ." ಅಷ್ಟೇ ಮಾತು. ರಾತ್ರಿಯಿಡೀ ಬೆವರಿಳಿಸಿದರು, ಕೂದಲು ಕೂಡ ಕತ್ತರಿಸಿದರು, ಆದರೂ ಆ 100 ಗ್ರಾಂ ಇಳಿಯಲಿಲ್ಲ ಅಂತ ಆಮೇಲೆ ತಂಡದ ವೈದ್ಯರೇ ಹೇಳಿದರು. ಬೆಳ್ಳಿಯಾದರೂ ಕೊಡಿ ಅಂತ ಹಾಕಿದ ಮನವಿಯನ್ನೂ ಕ್ರೀಡಾ ನ್ಯಾಯಮಂಡಳಿ ಆಗಸ್ಟ್ 14ರಂದು ತಳ್ಳಿಹಾಕಿತು. ನಿಯಮ ಕ್ರೂರ ಅನ್ನಬಹುದು, ನಾನೂ ಅನ್ನುತ್ತೇನೆ. ಒಂದು ದಿನ ತೂಕ ಸರಿ ಕೊಟ್ಟು ಆಡಿ ಗೆದ್ದದ್ದು ಎಲ್ಲಿ ಹೋಯಿತು ಅಂತ ಕೇಳಲೇಬೇಕು. ಆದರೆ ಆ ಪ್ರಶ್ನೆ ಕೇಳೋಕೂ ಮೊದಲು ನಿಯಮ ಏನು ಅಂತ ಯಾರಾದರೂ ಹೇಳಬೇಕಲ್ವಾ?

ನನಗೆ ಇನ್ನೂ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಅನರ್ಹ ಆಗುವ ಹಿಂದಿನ ದಿನ ವಿನೇಶ್ ಸೋಲಿಸಿದ್ದು ಜಪಾನಿನ ಯುಯಿ ಸುಸಾಕಿಯನ್ನು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಹುಡುಗಿ, ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಅಲ್ಲಿಯವರೆಗೆ ಸೋತೇ ಇರದವಳು. ವಿನೇಶ್ 0-2 ಹಿಂದೆ ಇದ್ದರು. ಪೂರ್ತಿ ಕುಸ್ತಿ ಮೈ ಕೊಡದೆ ಕಾದರು. ಕೊನೆಯ ಕೆಲವೇ ಸೆಕೆಂಡು ಉಳಿದಾಗ ನುಗ್ಗಿ ಕೆಡವಿದರು, ಎರಡು ಅಂಕ. ಜಪಾನಿನವರು ಚಾಲೆಂಜ್ ಮಾಡಿ ಸೋತರು, ಇನ್ನೊಂದು ಅಂಕ. 3-2. ಭಾರತದ ಕುಸ್ತಿ ಚರಿತ್ರೆಯಲ್ಲಿ ಇಷ್ಟು ತಾಳ್ಮೆಯಿಂದ ಗೆದ್ದ ಕುಸ್ತಿ ಎಷ್ಟಿವೆ? ಅದರ ಬಗ್ಗೆ ನೀವು ಎಷ್ಟು ಕೇಳಿದಿರಿ? 100 ಗ್ರಾಂ ಬಗ್ಗೆ ಎಷ್ಟು ಕೇಳಿದಿರಿ?

ನಮ್ಮವರ ಕಥೆಗೆ ಬರೋಣ. ಇಲ್ಲಿ ಕೂತವರಲ್ಲಿ ರಾಜೇಶ್ವರಿ ಗಾಯಕ್ವಾಡ್ ಹೆಸರು ಗೊತ್ತಿಲ್ಲದವರು ಇಲ್ಲ. ನಮ್ಮೂರ ಮಗಳು. 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್, ಜುಲೈ 15, ಇಂಗ್ಲೆಂಡಿನ ಡರ್ಬಿ. ಗೆದ್ದವರು ಸೆಮಿಫೈನಲ್‌ಗೆ, ಸೋತವರು ಮನೆಗೆ, ಅಂಥ ಮ್ಯಾಚು. ನಾಯಕಿ ಮಿಥಾಲಿ ರಾಜ್ 109, ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ 70, ಭಾರತ 265. ನ್ಯೂಜಿಲೆಂಡ್ 79ಕ್ಕೆ ಆಲೌಟ್. ರಾಜೇಶ್ವರಿ 7.3 ಓವರ್, 15 ರನ್, 5 ವಿಕೆಟ್. ಆ ಟೂರ್ನಿಯಲ್ಲಿ ಅವರಿಗೆ ಸಿಕ್ಕ ಮೊದಲ ಮ್ಯಾಚ್ ಅದು. ಅಲ್ಲಿಯವರೆಗೆ ಬೆಂಚಿನ ಮೇಲೆ ಕೂತು, ಕರೆದ ದಿನ ಹೋಗಿ ಐದು ವಿಕೆಟ್ ತೆಗೆಯೋದು ಸಣ್ಣ ಮಾತಲ್ಲ. ಎಡಗೈ ಸ್ಪಿನ್, ನೇರ ವಿಕೆಟ್‌ಗೆ ಹಾಕುವವರು, ಬ್ಯಾಟರ್‌ಗೆ ಕೈ ಬಿಡಿಸಿಕೊಳ್ಳಲು ಜಾಗವೇ ಕೊಡದವರು.

ಆಮೇಲೆ ಏನು ಸುದ್ದಿಯಾಯಿತು? ಸಚಿವರೊಬ್ಬರು ಕಾರು ಕೊಡುತ್ತೇವೆ ಅಂದರು. ರಾಜೇಶ್ವರಿ ಕಾರು ಬೇಡ, ಮನೆ ಬೇಕು ಅಂದರು. ಅದು ದೇಶದ ತುಂಬಾ ಸುದ್ದಿ. ಐದು ವಿಕೆಟ್‌ಗಿಂತ ದೊಡ್ಡ ಸುದ್ದಿ! ಕೆಲವರು ಸೊಕ್ಕು ಅಂದರು, ಕೆಲವರು ಪಾಪ ಅಂದರು. ನನ್ನ ಪ್ರಕಾರ ಎರಡೂ ಅಲ್ಲ. ಮನೆಯ ಜವಾಬ್ದಾರಿ ಹೊತ್ತ ಹೆಣ್ಣುಮಗಳು ತನಗೆ ಏನು ಬೇಕೋ ಅದನ್ನು ಮುಚ್ಚುಮರೆ ಇಲ್ಲದೆ ಕೇಳಿದಳು. ನಮ್ಮ ಕಡೆ ಮಂದಿ ಹಾಗೇ ಮಾತಾಡುವುದು. ಅದರಲ್ಲಿ ಸುದ್ದಿ ಏನಿದೆ?

ಅದೇ ವಿಶ್ವಕಪ್‌ಗೆ ಮೊದಲು ಮಿಥಾಲಿಗೆ ಪತ್ರಕರ್ತರೊಬ್ಬರು ಕೇಳಿದ್ದು, ನಿಮ್ಮ ಮೆಚ್ಚಿನ ಗಂಡು ಕ್ರಿಕೆಟಿಗ ಯಾರು ಅಂತ. ಗಂಡಸರಿಗೆ ಈ ಪ್ರಶ್ನೆ ಕೇಳ್ತೀರಾ ಅಂತ ಅವರು ತಿರುಗಿ ಕೇಳಿದರು. ಸರಿಯಾಗಿ ಕೊಟ್ಟರು.

ಬೆಳಗಾವಿಯ ಮಲಪ್ರಭಾ ಜಾಧವ್ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದರು, ಕುರಾಶ್‌ನಲ್ಲಿ. ಕುರಾಶ್ ಅಂದರೆ ಏನು, ಯಾರಿಗೆ ಗೊತ್ತು, ಕೈ ಎತ್ತಿ. (ಯಾರೂ ಎತ್ತಲಿಲ್ಲ.) ನೋಡಿ! ಅದೂ ಕುಸ್ತಿಯ ಬಳಗದ್ದೇ, ಮಧ್ಯ ಏಷ್ಯಾದ್ದು. ಅಂಗಿ ಹಿಡಿದು ನಿಂತೇ ಎಸೆಯಬೇಕು, ನೆಲಕ್ಕೆ ಬಿದ್ದ ಮೇಲೆ ಹಿಡಿತ ಮುಂದುವರಿಸುವಂತಿಲ್ಲ. ನಿಮಗೆ ಒಂದೇ ನಿಮಿಷದಲ್ಲಿ ಹೇಳಿದೆ. ಪದಕ ಬಂದ ದಿನ ಎಷ್ಟು ಪತ್ರಿಕೆ ಈ ಎರಡು ಸಾಲು ಬರೆದವು? ಕಷ್ಟದ ಕಥೆ ಬಂತು, ಸನ್ಮಾನದ ಫೋಟೋ ಬಂತು. ಬಾಗಲಕೋಟೆಯ ಅರ್ಜುನ್ ಹಲಕುರ್ಕಿ 2020ರಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 55 ಕೆಜಿ ಗ್ರೀಕೋ ರೋಮನ್ ಕಂಚು ಗೆದ್ದಾಗಲೂ ಇದೇ ಕಥೆ. ಗ್ರೀಕೋ ರೋಮನ್‌ನಲ್ಲಿ ಕಾಲು ಹಿಡಿಯುವಂತಿಲ್ಲ. ಮಣ್ಣಿನಲ್ಲಿ ಕಾಲು ಎಳೆದು ಕೆಡವೋದು ಕಲಿತ ನಮ್ಮ ಕಡೆ ಹುಡುಗ ಅಲ್ಲಿಗೆ ಹೋಗಿ ಸೊಂಟದ ಮೇಲಿನ ಹಿಡಿತದಲ್ಲೇ ಗೆಲ್ಲಬೇಕು ಅಂದರೆ ಕಲಿತದ್ದರಲ್ಲಿ ಎಷ್ಟು ಬಿಡಬೇಕು, ಎಷ್ಟು ಹೊಸದಾಗಿ ಕಲಿಯಬೇಕು! ಬರೆಯೋಕೆ ಇದಕ್ಕಿಂತ ಒಳ್ಳೆ ವಿಷಯ ಬೇಕಾ?

ಸೈಕಲ್ ಹುಡುಗರ ಗತಿ ಇನ್ನೂ ಕೆಟ್ಟದ್ದು. ವಿಜಯಪುರ, ಬಾಗಲಕೋಟೆ ಅಂದರೆ ರಾಜ್ಯದ ಸೈಕ್ಲಿಂಗ್ ಅಂತಲೇ ಅರ್ಥ. ಬೆಳಗ್ಗೆ ಐದೂವರೆಗೆ ಸೋಲಾಪುರ ರಸ್ತೆಗೆ ಹೋಗಿ ನಿಂತರೆ ಲಾರಿಗಳ ಪಕ್ಕದಲ್ಲೇ ಸಾಲಾಗಿ ಹೋಗುತ್ತಿರುತ್ತಾರೆ. ಮುಂದಿನವನು ಗಾಳಿ ಒಡೆಯುತ್ತಾನೆ, ಹಿಂದಿನವರು ಅವನ ಮರೆಯಲ್ಲಿ ಶಕ್ತಿ ಉಳಿಸಿಕೊಳ್ಳುತ್ತಾರೆ, ಸ್ವಲ್ಪ ಹೊತ್ತಿಗೆ ಅವನು ಬದಿಗೆ ಸರಿದು ಹಿಂದೆ ಬರುತ್ತಾನೆ. ಮಾತಿಲ್ಲ, ಮೊಣಕೈ ಅಲುಗಿಸಿದರೆ ಸಾಕು. ಒಂದು ರೇಸ್ ಆದ ಮರುದಿನ ಪತ್ರಿಕೆ ತೆರೆದೆ. ಫೋಟೋದಲ್ಲಿ ಏಳು ಜನ ಗಣ್ಯರು ಒಂದು ಹಸಿರು ನಿಶಾನೆ ಹಿಡಿದಿದ್ದಾರೆ. ಏಳೂ ಜನರ ಹೆಸರಿದೆ, ಎಡದಿಂದ ಬಲಕ್ಕೆ. ಸೈಕಲ್ ಎಲ್ಲಿ ಅಂತ ಹುಡುಕಿದೆ. ಬಲಗಡೆ ಮೂಲೆಯಲ್ಲಿ ಅರ್ಧ ಚಕ್ರ ಇತ್ತು.

ಇನ್ನು ನಡತೆಯ ವಿಷಯ. ಆಟಗಾರರು ಹೇಗಿರಬೇಕು ಅಂತ ಎಲ್ಲರೂ ಕೇಳುತ್ತಾರೆ. ಮಕ್ಕಳಿಗೆ ಮಾದರಿಯಾಗಿರಬೇಕಂತೆ. ನನಗೆ ಆ ಮಾತಿನಲ್ಲಿ ಜಾಸ್ತಿ ನಂಬಿಕೆ ಇಲ್ಲ. ನಮ್ಮ ಮಕ್ಕಳಿಗೆ ಮಾದರಿ ನಾವಾಗಬೇಕು. ಇಪ್ಪತ್ತೆರಡು ವರ್ಷದ, ಕೈತುಂಬಾ ದುಡ್ಡು ಬಂದ ಹುಡುಗನ ಮೇಲೆ ಅದನ್ನು ಹೊರಿಸಿದರೆ ಹೇಗೆ?

ಆದರೆ ಕಣದ ಒಳಗಿನ ನಡತೆ ಬೇರೆ. ಅಲ್ಲಿ ನಾನು ಬಿಡುವುದಿಲ್ಲ. ಮೊನ್ನೆ ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆಯ ಕುಸ್ತಿಗೆ ನಿಮ್ಮಲ್ಲಿ ಎಷ್ಟೋ ಜನ ಬಂದಿದ್ದಿರಿ. ಕಣಕ್ಕೆ ಇಳಿಯುವಾಗ ಮಣ್ಣು ಮುಟ್ಟಿ ನಮಸ್ಕಾರ ಮಾಡ್ತಾರೆ, ಎದುರಾಳಿಗೆ ಕೈ ಕೊಡ್ತಾರೆ, ಆಮೇಲೆ ಹಿಡೀತಾರೆ. ಒಂದು ಜೋಡಿ ಸುಮ್ನೆ ಒಬ್ಬರ ಕುತ್ತಿಗೆ ಒಬ್ಬರು ಹಿಡಿದು ನಿಂತಿತು. ಒಂದು ನಿಮಿಷ ನೋಡಿದರು ಮಂದಿ. ಎರಡು ನಿಮಿಷ ನೋಡಿದರು. ಆಮೇಲೆ ಹಿಂದಿನಿಂದ ಒಬ್ಬ ಕಾಕಾ, "ಏ, ಮಾತಾಡ್ಕೊಂಡು ಬಂದಾರ್ರೀ ಇವ್ರು, ಬಿಡಸ್ರೀ" ಅಂತ ಕೂಗಿದರು. ಪಂಚರು ಬಂದು ಎಚ್ಚರಿಕೆ ಕೊಟ್ಟರು. ಇಬ್ಬರೂ ಮೊದಲೇ ಒಪ್ಪಂದ ಮಾಡಿಕೊಂಡು ಬಂದಾರೆ ಅಂತ ತಿಳಿಯಲು ಆ ಕಾಕಾಗೆ ರಿಪ್ಲೇ ಬೇಕಾಗಲಿಲ್ಲ. ಕಾಲಿನ ಹೆಜ್ಜೆ ನೋಡಿದರೆ ಅವರಿಗೆ ಗೊತ್ತಾಗುತ್ತದೆ. ಇನ್ನೊಬ್ಬ ಹುಡುಗ ಗೆದ್ದ ಮೇಲೆ ಬಿದ್ದವನ ಕಡೆ ತೊಡೆ ತಟ್ಟಿದ. ಗೆದ್ದವರು ಕಣದ ಸುತ್ತ ಬಂದರೆ ಮಂದಿ ಹತ್ತು, ಐವತ್ತು ರೂಪಾಯಿ ಕೈಗಿಡುತ್ತಾರಲ್ಲ, ಅವನಿಗೆ ಬಹಳ ಜನ ಕೊಡಲಿಲ್ಲ. ಯಾವ ಚರ್ಚೆಯೂ ಇಲ್ಲ, ಶಿಸ್ತು ಸಮಿತಿಯೂ ಇಲ್ಲ.

ಈ ಲೆಕ್ಕದಲ್ಲಿ ನೋಡಿದರೆ 2018ರ ಕೇಪ್‌ಟೌನ್ ದೊಡ್ಡ ತಪ್ಪು. ಆಸ್ಟ್ರೇಲಿಯಾದವರು ಚೆಂಡಿನ ಮೈ ಕೆಡಿಸಲು ಮರಳು ಕಾಗದ ಉಜ್ಜಿದ್ದು. ಸ್ಮಿತ್, ವಾರ್ನರ್‌ಗೆ ಒಂದು ವರ್ಷ, ಬ್ಯಾಂಕ್ರಾಫ್ಟ್‌ಗೆ ಒಂಬತ್ತು ತಿಂಗಳು ನಿಷೇಧ. ಸರಿಯಾಗೇ ಇತ್ತು. 2019ರಲ್ಲಿ ಹಾರ್ದಿಕ್ ಪಾಂಡ್ಯ, ಕೆ.ಎಲ್. ರಾಹುಲ್ ಒಂದು ಟಿವಿ ಶೋದಲ್ಲಿ ಕೂತು ಆಡಿದ ಮಾತಿಗೆ ಆಸ್ಟ್ರೇಲಿಯಾ ಪ್ರವಾಸದ ನಡುವೆಯೇ ವಾಪಸ್ ಕರೆಸಿ, ಆಮೇಲೆ ತಲಾ 20 ಲಕ್ಷ ದಂಡ ಹಾಕಿದರು. ಹೆಣ್ಣುಮಕ್ಕಳ ಬಗ್ಗೆ ಆಡಿದ ಮಾತು ಅಗ್ಗದ್ದು, ದಂಡ ಹಾಕಿದ್ದರಲ್ಲಿ ತಪ್ಪಿಲ್ಲ. ಆದರೆ ಆ ಮಾತು ಅಷ್ಟು ಕೆಟ್ಟದ್ದಾದರೆ ಒಂದು ವಾರ ಅದನ್ನೇ ಮತ್ತೆ ಮತ್ತೆ ಹಾಕಿ ಮನೆಮನೆಗೆ ಕೇಳಿಸಿದವರು ಯಾರು?

ಮ್ಯಾಚ್ ಫಿಕ್ಸಿಂಗ್ ವಿಷಯಕ್ಕೂ ಎರಡು ಮಾತು. ಬಿಜಾಪುರ ಬುಲ್ಸ್ ಅಂತ ಕೆಪಿಎಲ್, ಅಂದರೆ ಕರ್ನಾಟಕ ಪ್ರೀಮಿಯರ್ ಲೀಗ್ ತಂಡ ಇತ್ತು. 2015, 2018, ಎರಡು ಸಲ ಕಪ್ ಗೆದ್ದಿತು. ನಮ್ಮೂರ ಹೆಸರು, ಆಟ ಮಾತ್ರ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ. ಆದರೂ ನಾವು ಚೀರಿದೆವು. 2019ರಲ್ಲಿ ಕೆಪಿಎಲ್ ಫಿಕ್ಸಿಂಗ್ ಪ್ರಕರಣ ಹೊರಬಂತು, ಬಂಧನಗಳಾದವು, ದಿನಾ ಬ್ರೇಕಿಂಗ್ ನ್ಯೂಸ್. 2022ರ ಜನವರಿಯಲ್ಲಿ ಹೈಕೋರ್ಟ್ ಆಟಗಾರರ ಮೇಲಿನ ಪ್ರಕರಣ ರದ್ದು ಮಾಡಿತು. ಫಿಕ್ಸಿಂಗ್ ಮಾಡಿದರೂ ಅದು ಐಪಿಸಿ 420ರ ವಂಚನೆ ಆಗುವುದಿಲ್ಲ, ಕ್ರಮ ತೆಗೆದುಕೊಳ್ಳಬೇಕಾದ್ದು ಕ್ರಿಕೆಟ್ ಮಂಡಳಿ ಅನ್ನೋ ಅರ್ಥದ ತೀರ್ಪು. ಇದು ಎಷ್ಟು ದೊಡ್ಡ ಸುದ್ದಿ! ಟಿಕೆಟ್ ಕೊಂಡು ನೋಡಿದವನಿಗೆ ಮೋಸ ಆದರೂ ಅದನ್ನು ಮೋಸ ಅನ್ನೋಕೆ ಕಾನೂನೇ ಇಲ್ಲ ಅಂದ ಹಾಗಾಯಿತು. ನಮ್ಮ ಚಾನೆಲ್‌ಗಳಲ್ಲಿ ಅವತ್ತು ಇದರ ಮೇಲೆ ಚರ್ಚೆ ನಾನಂತೂ ಕಾಣಲಿಲ್ಲ.

ನಮ್ಮನ್ನು, ಅಂದರೆ ಅಭಿಮಾನಿಗಳನ್ನು ಬಿಟ್ಟು ಮಾತಾಡಿದರೆ ಅನ್ಯಾಯವಾಗುತ್ತದೆ. 2024ರ ಐಪಿಎಲ್‌ನಲ್ಲಿ ರೋಹಿತ್ ಬದಲು ಮುಂಬೈ ತಂಡದ ನಾಯಕನಾದ ಅಂತ ಹಾರ್ದಿಕ್‌ಗೆ ಸ್ವಂತ ಮೈದಾನ ವಾಂಖೆಡೆಯಲ್ಲೇ ಹೋ ಅಂತ ಕೂಗಿದರು. ಜೂನ್ 29ಕ್ಕೆ ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಫೈನಲ್. ದಕ್ಷಿಣ ಆಫ್ರಿಕಾದ ಕ್ಲಾಸೆನ್ ಹೊಡೆಯುತ್ತಿದ್ದಾಗ ಅವನನ್ನು ತೆಗೆದದ್ದು ಹಾರ್ದಿಕ್, ಕೊನೆ ಓವರ್‌ನಲ್ಲಿ 16 ರನ್ ಕಾಯ್ದದ್ದೂ ಹಾರ್ದಿಕ್. ಅದೇ ಜನ ಅದೇ ವಾಂಖೆಡೆಯಲ್ಲಿ ಅವನ ಹೆಸರು ಕೂಗಿದರು. ಆತ ಆಡಿದ ಆಟ ಎರಡೂ ಸಲ ನಮಗೆ ಕಾಣಲಿಲ್ಲ, ಕಂಡದ್ದು ಅವನ ಮೇಲೆ ಯಾರೋ ಬರೆದ ಕಥೆ.

ಅದಕ್ಕಿಂತ ಭಾರದ ವಿಷಯ 2025ರ ಜೂನ್ 4. ಹಿಂದಿನ ರಾತ್ರಿ ಆರ್‌ಸಿಬಿ ಹದಿನೆಂಟನೇ ಸೀಸನ್‌ನಲ್ಲಿ ಮೊದಲ ಕಪ್ ಗೆದ್ದಿತ್ತು. ನಮ್ಮೂರಲ್ಲೂ ಪಟಾಕಿ, ನಾನೂ ಕುಣಿದವನೇ. ಮರುದಿನ ಚಿನ್ನಸ್ವಾಮಿ ಹೊರಗೆ ಕಾಲ್ತುಳಿತಕ್ಕೆ ಸಿಕ್ಕಿ 11 ಜನ ಸತ್ತರು. ಹೆಚ್ಚಿನವರು ನಿಮ್ಮ ವಯಸ್ಸಿನವರು. ಬೆಳಗಿನಿಂದ ಟಿವಿಯಲ್ಲಿ ತಂಡ ಬಂತು, ಬಸ್ ಬಂತು, ಬನ್ನಿ ನೋಡಿ ಅನ್ನೋ ಧಾಟಿ. ಜನ ಬಂದಷ್ಟೂ ದೃಶ್ಯ ಚೆಂದ. ಹೊರಗೆ ಸಾವಾಗುತ್ತಿದ್ದಾಗ ಒಳಗೆ ಸಂಭ್ರಮ ನಡೆದೇ ಇತ್ತು. ಸಂಘಟಕರು, ಪೊಲೀಸರು, ಸರ್ಕಾರ, ಯಾರ ತಪ್ಪು ಎಷ್ಟು ಅಂತ ತೂಗೋದು ಕೋರ್ಟಿನ ಕೆಲಸ. ಜನಜಂಗುಳಿಯನ್ನೇ ಸುದ್ದಿ ಮಾಡಿ ಜನರನ್ನು ಸೇರಿಸಿದವರ ಪಾಲೂ ಅದರಲ್ಲಿ ಇದೆ ಅಂತ ನಾನು ಹೇಳುತ್ತೇನೆ. ಆಟ ಹಿಂದಿನ ರಾತ್ರಿ ಅಹಮದಾಬಾದ್‌ನಲ್ಲೇ ಮುಗಿದಿತ್ತು. ಅಲ್ಲಿ ನೋಡಲು ಆಟ ಇರಲಿಲ್ಲ, ಮುಖಗಳಿದ್ದವು.

ನನ್ನ ಮಾತು ಇಷ್ಟೇ. ಈಗ ನೀವು ಕೇಳಿ.

ಒಬ್ಬ ಹುಡುಗಿ ಎದ್ದು, "ಸರ, ಹಂಗಾದ್ರ ಟಿವಿ ನೋಡೂದ ಬ್ಯಾಡೇನ್ರೀ?" ಅಂದಳು. ನೋಡವ್ವಾ, ಮ್ಯಾಚ್ ಪೂರ್ತಿ ನೋಡು ಅಂದೆ. ಕೊನೇ ಬಾಲ್ ಆದ ಮೇಲೆ ಆಫ್ ಮಾಡಿ ಸ್ಕೋರ್‌ಕಾರ್ಡ್ ಓದು. ಯಾವ ಓವರ್‌ನಲ್ಲಿ ರನ್ ನಿಂತಿತು ಅಂತ ನೀನೇ ಹುಡುಕು. ಚಾನೆಲ್‌ನವರಿಗಿಂತ ನೀನೇ ಚೆನ್ನಾಗಿ ಹೇಳ್ತೀಯ.

ಇನ್ನೊಬ್ಬನದು ಕೊಹ್ಲಿ ಪ್ರಶ್ನೆ. ಮೈದಾನದಲ್ಲಿ ಅಷ್ಟು ಸಿಟ್ಟು ಮಾಡೋದು ಸರೀನಾ ಅಂತ. 2012ರಲ್ಲಿ ಸಿಡ್ನಿಯಲ್ಲಿ ಪ್ರೇಕ್ಷಕರಿಗೆ ಬೆರಳು ತೋರಿಸಿ ಅರ್ಧ ಮ್ಯಾಚ್ ಫೀ ದಂಡ ಕಟ್ಟಿದ್ದೂ ಕೊಹ್ಲಿಯೇ. 2019ರ ವಿಶ್ವಕಪ್‌ನಲ್ಲಿ ಓವಲ್‌ನಲ್ಲಿ ಸ್ಮಿತ್‌ನನ್ನು ನಮ್ಮ ಜನ ಹೀಯಾಳಿಸಿದಾಗ, ನಿಲ್ಲಿಸಿ, ಚಪ್ಪಾಳೆ ಹೊಡೀರಿ ಅಂತ ಕೈಸನ್ನೆ ಮಾಡಿದ್ದೂ ಕೊಹ್ಲಿಯೇ. ಮೊದಲನೆಯದಕ್ಕೆ ಬೈಯ್ತೀನಿ, ಎರಡನೆಯದಕ್ಕೆ ಮೆಚ್ತೀನಿ. ಸಿಟ್ಟಿಗೆ ನನ್ನ ತಕರಾರಿಲ್ಲ.

ಕೊನೆಯ ಪ್ರಶ್ನೆ ನಾನು ಎದುರು ನೋಡುತ್ತಿದ್ದದ್ದೇ. 2025ರ ಏಷ್ಯಾಕಪ್‌ನಲ್ಲಿ ದುಬೈನಲ್ಲಿ ನಮ್ಮವರು ಪಾಕಿಸ್ತಾನದವರಿಗೆ ಕೈ ಕೊಡಲಿಲ್ಲವಲ್ಲ, ಅದಕ್ಕೆ ಏನಂತೀರಿ? ಆಡುವುದೇ ಬೇಡ ಅಂದಿದ್ದರೆ ನಾನು ಒಪ್ಪುತ್ತಿದ್ದೆ. ಪಹಲ್ಗಾಮ್ ಉಗ್ರರ ದಾಳಿ ಆದ ಮೇಲೆ ಆ ಮಾತಿಗೆ ತೂಕ ಇತ್ತು. ಆದರೆ ಮೇಲಿನವರು ಪಂದ್ಯ ಒಪ್ಪಿಕೊಂಡು, ಜಾಹೀರಾತು ಮಾರಿ, ಆಟಗಾರರನ್ನು ಕಣಕ್ಕೆ ಇಳಿಸಿದರು. ಇಳಿದ ಮೇಲೆ ಕೈ ಕೊಡಬೇಕು. ನಮ್ಮ ಮಣ್ಣಿನ ಪದ್ಧತಿ ಅದು. ಅರ್ಧ ಸಭೆ ಚಪ್ಪಾಳೆ ಹೊಡೆಯಿತು, ಅರ್ಧ ಸಭೆ ಗೊಣಗಿತು. ಪ್ರಶ್ನೆ ಕೇಳಿದ ಹುಡುಗನಂತೂ ಒಪ್ಪಲೇ ಇಲ್ಲ. "ಸತ್ತವ್ರ ಮನಿಯವ್ರ ಮುಂದ ನಿಂತು ಈ ಮಾತು ಹೇಳ್ರಿ ನೋಡೋಣು" ಅಂದ. ಹೇಳೋದು ಕಷ್ಟ ಅಂತ ಒಪ್ಪಿದೆ, ಅಭಿಪ್ರಾಯ ಬದಲಿಸಲಿಲ್ಲ. ಅವನೂ ಬದಲಿಸಲಿಲ್ಲ. ಹೊರಗೆ ಚಹಾ, ಚೂಡಾ ಕೊಟ್ಟರು, ಅಲ್ಲೂ ಇದೇ ವಾದ ನಡೆಯಿತು. ಮುಂದಿನ ಮ್ಯಾಚ್‌ಗೆ ಅಂಗಡಿಗೆ ಬಾ ತಮ್ಮಾ, ಉಳಿದದ್ದು ಅಲ್ಲಿ ಮಾತಾಡೋಣ ಅಂತ ಹೇಳಿ ಬಂದಿದ್ದೇನೆ.